ಅಳೆಯುವ ಕೈ

ಉಸಿರು ಎಣಿಸುವುದು ಕದ್ದು ಮಾಡುವ ಕೆಲಸ. ‘ನಿಮ್ಮ ಉಸಿರು ಎಣಸ್ತೀನ್ರಿ’ ಅಂದರೆ ಸಾಕು, ರೋಗಿಯ ಉಸಿರಿನ ನಡೆಯೇ ಬದಲಾಗಿಬಿಡುತ್ತದೆ. ಅದಕ್ಕೇ ಪಳಗಿದ ನರ್ಸಬಾಯಿ ನಾಡಿ ಎಣಿಸಿ ಮುಗಿದ ಮೇಲೂ ಮುಂಗೈ ಬಿಡುವುದಿಲ್ಲ. ಬೆರಳು ಮಣಿಕಟ್ಟಿನ ಮೇಲೆ, ಕಣ್ಣು ಎದೆಯ ಏರಿಳಿತದ ಮೇಲೆ. ಪೂರ್ತಿ ಒಂದು ನಿಮಿಷ. ದೊಡ್ಡವರಿಗೆ 12ರಿಂದ 20 ಬಂದರೆ ಸರಿ. ಸುಳಿವು ಕೊಡದೆ ನಡೆಯುವ ಈ ಸಣ್ಣ ನಾಟಕ ನನಗೆ ಎಷ್ಟು ಸಲ ನೋಡಿದರೂ ಸಾಕೆನಿಸದು.

ಬೈಲಹೊಂಗಲ, ಸವದತ್ತಿ, ರಾಮದುರ್ಗದ ತಾಲೂಕು ಆಸ್ಪತ್ರೆಯಿರಲಿ, ಕಿತ್ತೂರು ಕಡೆಯ ಹಳ್ಳಿಯ ಉಪಕೇಂದ್ರವಿರಲಿ, ಈ ವಿದ್ಯೆಯ ಸೊಗಸು ತುಂಬಿ ಕಾಣುವುದು ಹೆರಿಗೆ ಕೋಣೆಯಲ್ಲಿ. ಕೂಸು ಅತ್ತಿತು, ಮಾಸು ಬಿತ್ತು, ಹೊರಗೆ ಆಗಲೇ ಪೇಢೆ ಹಂಚುತ್ತಿದ್ದಾರೆ. ಒಳಗೆ ಸಿಸ್ಟರ್ ಕೈ ಬಾಣಂತಿಯ ಹೊಕ್ಕುಳ ಹತ್ತಿರ ಗರ್ಭಕೋಶವನ್ನು ಹುಡುಕುತ್ತಿದೆ. ಚೆಂಡಿನಂತೆ ಗಟ್ಟಿಯಾಗಿ ಸಿಕ್ಕರೆ ನಿರಾಳ. ಮೆತ್ತಗಿದ್ದರೆ ಅಂಗೈ ಅಲ್ಲೇ ದುಂಡಗೆ ತಿಕ್ಕತೊಡಗುತ್ತದೆ. ತಿಕ್ಕಿದಂತೆ ಸ್ನಾಯು ಬಿಗಿದು, ಬಾಯಿ ತೆರೆದ ರಕ್ತನಾಳಗಳನ್ನು ಹಿಸುಕಿ ಮುಚ್ಚುತ್ತದೆ. ‘ನೋವಾಗತೈತ್ರಿ ಅಕ್ಕಾರ.’ ‘ಒಂದೀಟ ತಡಕೋ ಯವ್ವಾ.’ ಮಾತು ಮೆತ್ತಗೆ, ಕೈ ಮಾತ್ರ ಬಿಡುವುದಿಲ್ಲ.

ಮತ್ತೆ ನಾಡಿ. ಹರೆಯದ ದೇಹ ಮೋಸಗಾರ. ರಕ್ತ ಸಾಕಷ್ಟು ಹೋಗುವವರೆಗೂ ಬಿಪಿಯನ್ನು ಬೀಳಗೊಡದೆ ಹಿಡಿದಿರುತ್ತದೆ. ಮೊದಲು ಓಡತೊಡಗುವುದು ನಾಡಿ. ಯಂತ್ರ 110/70 ಎಂದು ಸಮಾಧಾನ ಹೇಳುತ್ತಿರುವಾಗಲೇ ಬೆರಳಿಗೆ ಅನುಮಾನ ಬಂದಿರುತ್ತದೆ. ಅಂಥ ಬೆರಳಿಗೆ ನನ್ನ ನಮಸ್ಕಾರ.

ಬೈಲಹೊಂಗಲ ಹತ್ತಿಯ ಪೇಟೆ, ರಾಮದುರ್ಗ ನೇಕಾರರ ಊರು, ಅರಿವೆಗೇನೂ ಬರವಿಲ್ಲ. ಆದರೆ ಅರಿವೆ ಹೀರಿದ ರಕ್ತದ ಲೆಕ್ಕ ಕಣ್ಣಿಗೆ ದಕ್ಕುವುದಿಲ್ಲ. ಕಣ್ಣಂದಾಜು ಬಹಳ ಸಲ ಕಡಿಮೆಯನ್ನೇ ಹೇಳುತ್ತದೆ. 500 ಮಿಲಿಲೀಟರ್ ದಾಟಿದರೆ ಅಪಾಯವೆಂಬುದು ಗೊತ್ತಿದ್ದೂ ದಾಟಿದ್ದು ತಿಳಿಯುವುದಿಲ್ಲ. ಇದಕ್ಕೊಂದು ಚಂದದ ಪರಿಹಾರ ರೂಪುಗೊಂಡದ್ದು ನಮ್ಮ ಜಿಲ್ಲೆಯಲ್ಲಿ ನಡೆದ ಅಧ್ಯಯನಕ್ಕಾಗಿ. ಬೆಳಗಾವಿಯ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜಿನವರು ಅಮೆರಿಕದ ಸಂಶೋಧಕರೊಡನೆ ಸೇರಿ ಬಳಸಿದ ಪ್ಲಾಸ್ಟಿಕ್ ಹಾಳೆ ಅದು. ಕೂಸು ಹೊರಬಂದ ಮೇಲೆ ತಾಯಿಯ ಕೆಳಗೆ ಹಾಸಿ ಸೊಂಟಕ್ಕೆ ದಾರ ಕಟ್ಟುವುದು. ತುದಿಯ ಚೀಲ ಕೆಳಗೆ ಕಿರಿದಾಗುತ್ತ ಹೋಗುತ್ತದೆ, ಮೈಮೇಲೆ ಅಳತೆಯ ಗೆರೆಗಳು. ಕರೆಂಟು ಬೇಡ, ಬ್ಯಾಟರಿ ಬೇಡ. ಇಷ್ಟು ಸರಳವಾದ, ಇಷ್ಟು ಜಾಣ ಸಾಧನ ಆಸ್ಪತ್ರೆಯಲ್ಲಿ ಇನ್ನೊಂದನ್ನು ನಾನು ಕಾಣೆ.

2002ರಿಂದ 2005ರವರೆಗೆ ಜಿಲ್ಲೆಯ ಹಳ್ಳಿಗಳಲ್ಲಿ 1,620 ತಾಯಂದಿರ ಹೆರಿಗೆಗಳಲ್ಲಿ ಇದೇ ಹಾಳೆಯಲ್ಲಿ ರಕ್ತ ಅಳೆದವರು ಎಎನ್‌ಎಂಗಳು, ಅಂದರೆ ಊರೂರು ಸುತ್ತುವ ನರ್ಸಬಾಯಿಗಳು. ಅವರೇ ಕೊಟ್ಟ ಮಿಸೊಪ್ರೊಸ್ಟಾಲ್ ಗುಳಿಗೆಯಿಂದ ಅತಿ ರಕ್ತಸ್ರಾವ ನೂರಕ್ಕೆ 12ರಿಂದ 6.4ಕ್ಕೆ ಇಳಿಯಿತು. 2006ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆ ಅದನ್ನು ಪ್ರಕಟಿಸಿತು. 2023ರಲ್ಲಿ ಆಫ್ರಿಕದ ನಾಲ್ಕು ದೇಶಗಳಲ್ಲಿ ಇಂಥದೇ ಗೆರೆ ಹಾಕಿದ ಹಾಳೆಯಿಂದ ಅಳೆದು, ಗೆರೆ ಮುಟ್ಟಿದೊಡನೆ ಎಲ್ಲ ಚಿಕಿತ್ಸೆಯನ್ನೂ ಒಟ್ಟಿಗೆ ಕೊಟ್ಟಾಗ ತೀವ್ರ ರಕ್ತಸ್ರಾವದಂಥ ಅನಾಹುತಗಳು ಶೇ 60ರಷ್ಟು ಕಡಿಮೆಯಾದವು.

ಹೆರಿಗೆಯಾದ ಮೊದಲ ಎರಡು ತಾಸು ಬೀಗರು, ನೆಂಟರು ದಯವಿಟ್ಟು ಹೊರಗೇ ಕೂತಿರಿ. ಸಿಸ್ಟರ್ ಹದಿನೈದು ನಿಮಿಷಕ್ಕೊಮ್ಮೆ ಬಂದು ಹೊಟ್ಟೆ ಮುಟ್ಟಿದರೆ ‘ಎಷ್ಟ ಸಲ ನೋಡ್ತೀರ್ರೀ’ ಅನ್ನಬೇಡಿ. ಬರದಿದ್ದರೆ ಕರೆಯಿರಿ.