ಕ್ಯಾಮೆರಾ ಹೊರಟ ಮೇಲೆ

ಯುದ್ಧ ನಡೆದ ಜಾಗಕ್ಕೆ ಹೋಗೋ ಡಾಕ್ಟರುಗಳ ಬಗ್ಗೆ ಬಂದ ಸಿನಿಮಾಗಳಲ್ಲಿ ನನಗೆ ಹೆಚ್ಚು ಇಷ್ಟವಾದದ್ದು ಮಾರ್ಕ್ ಹಾಪ್ಕಿನ್ಸ್ ಅವರ 2008ರ ಸಾಕ್ಷ್ಯಚಿತ್ರ ‘ಲಿವಿಂಗ್ ಇನ್ ಎಮರ್ಜೆನ್ಸಿ’. ‘ಡಾಕ್ಟರ್ಸ್ ವಿದೌಟ್ ಬಾರ್ಡರ್ಸ್’ ಸಂಸ್ಥೆಯ ನಾಲ್ವರು ವೈದ್ಯರು ಕಾಂಗೋದಲ್ಲಿ, ಯುದ್ಧ ಮುಗಿದ ಲೈಬೀರಿಯಾದಲ್ಲಿ ಮಾಡುವ ಕೆಲಸವನ್ನು ಅದು ತೋರಿಸುತ್ತೆ. ಅವರನ್ನು ದೇವರು ಮಾಡಿ ಕೂರಿಸಲ್ಲ. ಸುಸ್ತಾಗ್ತಾರೆ, ಸಿಡುಕ್ತಾರೆ, ಇರೋ ಔಷಧಿ ಸಾಲದೆ ಒದ್ದಾಡ್ತಾರೆ. ಈ ಬಗೆಯ ಚಿತ್ರಗಳಲ್ಲಿ ಅಷ್ಟು ಪ್ರಾಮಾಣಿಕತೆ ಅಪರೂಪ.

ಆದರೂ ನನ್ನದೊಂದು ತಕರಾರಿದೆ. ಚಿತ್ರದ ಪ್ರಶ್ನೆ ಡಾಕ್ಟರದ್ದು: ನಾನಿಲ್ಲಿ ಇರಲಾ, ಹೊರಡಲಾ? ರೋಗಿಗೆ ಆ ಆಯ್ಕೆ ಇಲ್ಲ. ಡಾಕ್ಟರ ಹಿಂದೆ ಬಂದ ಕ್ಯಾಮೆರಾ ಅವರ ಹಿಂದೆಯೇ ಹೊರಟುಬಿಡುತ್ತೆ.

ಅಲ್ಲೇ ಉಳಿದವರ ಕಥೆ ಹೇಗಿರುತ್ತೆ ಅಂತ ತಿಳಿಯೋಕೆ ಆಫ್ರಿಕಾಕ್ಕೆ ಹೋಗಬೇಕಿಲ್ಲ. ವೀಕೆಂಡಿಗೆ ಮೈಸೂರಿಂದ ಮಡಿಕೇರಿಗೆ ಹೊರಟಾಗ ಪಿರಿಯಾಪಟ್ಟಣ ದಾಟಿ ಬೈಲಕುಪ್ಪೆಯಲ್ಲಿ ಗಾಡಿ ನಿಲ್ಲಿಸ್ತೀವಲ್ಲ, ಗೋಲ್ಡನ್ ಟೆಂಪಲ್ ಮುಂದೆ ಸೆಲ್ಫಿ, ಆಮೇಲೆ ಮೊಮೊ? ಅದು ನಿರಾಶ್ರಿತರ ಊರು. 1959ರಲ್ಲಿ ಟಿಬೆಟ್ ಬಿಟ್ಟು ಓಡಿ ಬಂದವರಿಗೆ ಮೈಸೂರು ರಾಜ್ಯ ಇಲ್ಲಿ ಸುಮಾರು 3000 ಎಕರೆ ಕೊಟ್ಟಿತು. 1960ರ ಕೊನೆಗೆ ಮೊದಲ ತಂಡ ಬಂದು ಕಾಡು ಕಡಿಯತೊಡಗಿತು. ಹುಣಸೂರು ತಾಲೂಕಿನ ಗುರುಪುರದಲ್ಲಿ ಇನ್ನೊಂದು ಶಿಬಿರ ಶುರುವಾದದ್ದು ಎಪ್ಪತ್ತರ ದಶಕದಲ್ಲಿ.

ಇಲ್ಲಿ ಎಮರ್ಜೆನ್ಸಿ ಮುಗಿದು ಆರು ದಶಕ ಆಯ್ತು. ಕಾಯಿಲೆ ಮುಗಿದಿಲ್ಲ. ಭಾರತದಲ್ಲಿರುವ ಟಿಬೆಟನ್ನರಲ್ಲಿ ಕ್ಷಯ ಇವತ್ತಿಗೂ ದೇಶದ ಸರಾಸರಿಗಿಂತ ಹೆಚ್ಚು. ಕಾರಣ ಹುಡುಕೋದು ಕಷ್ಟವಲ್ಲ. ಮಠಗಳಲ್ಲಿ, ಹಾಸ್ಟೆಲುಗಳಲ್ಲಿ ಒಂದೇ ಕೋಣೆಯಲ್ಲಿ ಹಲವರು ಮಲಗ್ತಾರೆ. ಒಬ್ಬರ ಕೆಮ್ಮು ಎಲ್ಲರದ್ದಾಗುತ್ತೆ. ಮಾಮೂಲಿ ಕ್ಷಯಕ್ಕೆ ಆರು ತಿಂಗಳು ಮಾತ್ರೆ ನುಂಗಬೇಕು. ನಡುವೆ ಬಿಟ್ಟರೆ ಕ್ರಿಮಿ ಔಷಧಿಗೆ ಬಗ್ಗದ ಹಾಗೆ ಗಟ್ಟಿಯಾಗುತ್ತೆ. ಆದರೆ ಚಳಿಗಾಲ ಬಂತು ಅಂದ್ರೆ ಎಷ್ಟೋ ಮನೆಯವರು ಸ್ವೆಟರ್ ಮಾರೋಕೆ ದೂರದ ಊರುಗಳಿಗೆ ಹೋಗ್ತಾರೆ. ಊರು ಬಿಟ್ಟವರ ಮಾತ್ರೆ ತಪ್ಪದ ಹಾಗೆ ನೋಡಿಕೊಳ್ಳೋದೇ ಇಲ್ಲಿನ ನರ್ಸು, ಆರೋಗ್ಯ ಕಾರ್ಯಕರ್ತೆಯರ ವೈದ್ಯಕೀಯ ಸಾಹಸ.

ಬೈಲಕುಪ್ಪೆಯಲ್ಲಿ ತ್ಸೋಜೆ ಖಾಂಗ್ಸಾರ್ ಆಸ್ಪತ್ರೆ ಇದೆ. ಟಿಬೆಟನ್ ವೈದ್ಯ ಪದ್ಧತಿಯ ಮೆನ್‌ತ್ಸಿಖಾಂಗ್ ಶಾಖೆಯೂ ಇದೆ. ಮಕ್ಕಳು ಓದಿಗೆ, ಕೆಲಸಕ್ಕೆ ಬೆಂಗಳೂರು, ಅಮೆರಿಕ ಅಂತ ಹೋದ ಮೇಲೆ ಶಿಬಿರದಲ್ಲಿ ಉಳಿಯೋರು ಹೆಚ್ಚಾಗಿ ವಯಸ್ಸಾದವರು. ಬಿಪಿ, ಶುಗರ್, ಮಂಡಿನೋವು. ಯುದ್ಧದ ಗಾಯ ಅಂತ ಇವನ್ನು ಯಾವ ಸಿನಿಮಾನೂ ತೋರಿಸಲ್ಲ.

‘ದಿನಾ ಮಾತ್ರೆ ನುಂಗೋದರಲ್ಲಿ ಕ್ಲೈಮ್ಯಾಕ್ಸ್ ಎಲ್ಲಿದೆ ಗುರು?’ ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಆದರೆ ನಮ್ಮ ಕರುಣೆಗೆ ಪಾಠ ಹೇಳೋದು ಇಂಥ ಚಿತ್ರಗಳೇ. ರಕ್ತ ಕಂಡ ಕೂಡಲೇ ಆಫೀಸಿನ ಲಿಫ್ಟಲ್ಲೇ ನಿಂತು ಹಣ ಕಳಿಸ್ತೀವಿ. ಐದನೇ ತಿಂಗಳ ಮಾತ್ರೆ ನಮ್ಮ ಕಣ್ಣಿಗೇ ಬೀಳಲ್ಲ. ದುಡ್ಡೂ ಡಾಕ್ಟರೂ ನಮ್ಮ ಕಣ್ಣು ಹೋದ ಕಡೆಗೇ ಹೋದರೆ, ಉಳಿದವರಿಗೆ ಉಳಿಯೋದೇನು?

ಸಿನಿಮಾ ನೋಡಿ, ತಪ್ಪಿಸ್ಕೋಬೇಡಿ. ಕೊನೆಗೆ ಡಾಕ್ಟರು ಮನೆಗೆ ಹೋದ್ರಾ ಅನ್ನೋದಕ್ಕಿಂತ, ವಾರ್ಡಿನಲ್ಲಿದ್ದವರಿಗೆ ಮಾರನೇ ದಿನ ಮಾತ್ರೆ ಕೊಟ್ಟವರು ಯಾರು ಅಂತ ಕೇಳಿಕೊಳ್ಳಿ.