ಒಂದೇ ಕಡಲು, ಒಂದೇ ವಾರಾಂತ್ಯ

ಕ್ಯಾಲಿಫೋರ್ನಿಯಾದ ಸ್ಯಾನ್ ಹೊಸೆಯಿಂದ ನಸುಕಿಗೇ ಹೊರಟರೆ ಬಿಸಿಲೇರುವ ಮೊದಲು ಮಾಂಟೆರೆಯ ಸ್ಯಾನ್ ಕಾರ್ಲೋಸ್ ಬೀಚ್ ಸೇರಬಹುದು. ಡೈವರುಗಳ ಬಾಯಲ್ಲಿ ಅದು ಬರೀ ‘ಬ್ರೇಕ್‌ವಾಟರ್’. ಬೇ ಏರಿಯಾದ ಎಷ್ಟೋ ಮಂದಿ ಡೈವಿಂಗ್ ಕಲಿಯುವುದು ಅಲ್ಲಿಯ ಅಲೆತಡೆ ಗೋಡೆಯ ಮಗ್ಗುಲಲ್ಲೇ.

ನೀರೊಳಗಿನ ಛಾಯಾಗ್ರಹಣ ಸ್ಪರ್ಧೆಗಳಲ್ಲಿ ಎರಡು ಬಗೆ. ಜಗತ್ತಿನ ಯಾವ ಕಡಲಲ್ಲಿ ತೆಗೆದ ಚಿತ್ರವನ್ನಾದರೂ ಕಳಿಸುವುದು ಒಂದು. ಬ್ರಿಟನ್ನಿನ ‘ಅಂಡರ್‌ವಾಟರ್ ಫೋಟೋಗ್ರಾಫರ್ ಆಫ್ ದಿ ಇಯರ್’ ಆ ಬಗೆಯದು. ಬೇ ಏರಿಯಾ ಅಂಡರ್‌ವಾಟರ್ ಎಕ್ಸ್‌ಪ್ಲೋರರ್ಸ್ ಸಂಘ ನಡೆಸಿದ ‘ಮಾಂಟೆರೆ ಶೂಟ್‌ಔಟ್’ ಎರಡನೆಯದು: ಎಲ್ಲರಿಗೂ ಒಂದೇ ಕಡಲು, ಒಂದೇ ವಾರಾಂತ್ಯ. ನನ್ನ ಒಲವು ಇದಕ್ಕೇ. ದೂರದ ಹವಳದ ದ್ವೀಪಗಳಿಗೆ ಹೋಗಿಬರುವ ದುಡ್ಡಿಗೆ ಇಲ್ಲಿ ಬೆಲೆಯಿಲ್ಲ. ಅವತ್ತಿನ ನೀರು ಕೊಟ್ಟದ್ದರಲ್ಲೇ ಕೆಲಸ ಮಾಡಬೇಕು.

ಆ ನೀರು ಉದಾರಿಯಲ್ಲ. ಉಷ್ಣಾಂಶ 10ರಿಂದ 13 ಡಿಗ್ರಿ. ವಸಂತದಲ್ಲಿ ವಾಯವ್ಯದ ಗಾಳಿ ಮೇಲ್ನೀರನ್ನು ದೂಡಿದಾಗ ಆಳದ ತಣ್ಣೀರು ಪೋಷಕಾಂಶ ಹೊತ್ತು ಮೇಲೇರುತ್ತದೆ, ಪ್ಲವಕ ಹುಲುಸಾಗಿ ಕಡಲು ಹಸಿರಾಗುತ್ತದೆ. ಕೆಲ್ಪ್ ಎಂಬ ದೈತ್ಯ ಕಡಲಪಾಚಿಯ ಕಾಡು ಇಲ್ಲಿ ಅಷ್ಟು ದಟ್ಟವಾಗಿ ಬೆಳೆಯುತ್ತಿದ್ದುದಕ್ಕೂ ಅದೇ ಕಾರಣ. ನೇರವಾಗಿ ಫ್ಲ್ಯಾಶ್ ಹೊಡೆದರೆ ತೇಲುವ ಕಣವೆಲ್ಲ ಹೊಳೆದು ಚಿತ್ರದ ತುಂಬ ಹಿಮ ಬಿದ್ದಂತಾಗುತ್ತದೆ. ಫ್ಲ್ಯಾಶ್‌ಗಳನ್ನು ಎರಡೂ ಪಕ್ಕಕ್ಕೆ ಚಾಚಬೇಕು, ಗುರಿಗೆ ಗೇಣುದೂರದಷ್ಟು ಸಮೀಪಿಸಬೇಕು. ನೀರು ಮೊದಲು ನುಂಗುವುದು ಕೆಂಪನ್ನು; ದೂರ ನಿಂತವರಿಗೆ ಆ ಬಣ್ಣ ದಕ್ಕದು.

ಹಾಗೆ ಸಮೀಪಿಸಿ ನೋಡಬೇಕಾದ ಜೀವಿ ‘ಹಾಪ್‌ಕಿನ್ಸ್ ರೋಸ್’. ಚಿಪ್ಪಿಲ್ಲದ ಕಡಲ ಬಸವನಹುಳು, ಹೆಬ್ಬೆರಳ ತುದಿಯಷ್ಟೇ ಉದ್ದ. ಅದು ತಿನ್ನುವ ಪುಟ್ಟ ಜೀವಿಗಳ ಹಾಸು ಗುಲಾಬಿ, ತಾನೂ ಗುಲಾಬಿ, ಇಡುವ ಮೊಟ್ಟೆಯ ಸುರುಳಿಯೂ ಗುಲಾಬಿ. ಹುಳುವನ್ನು ಹಾಸಿನಿಂದ ಬೇರ್ಪಡಿಸಿ ತೋರಿಸಲು ಒಂದೇ ಬಂಡೆಯೆದುರು ಅರ್ಧ ಡೈವ್ ಕಳೆದಿದ್ದೇನೆ. ಕಪ್ಪು ಹಿನ್ನೆಲೆ ಬೇಕೆಂದು ಹುಳುವನ್ನು ಎತ್ತಿಡುವವರೂ ಉಂಟು. ಅಂಥ ಚಿತ್ರ ಎಷ್ಟೇ ಚೆಂದವಿರಲಿ, ತೀರ್ಪುಗಾರರು ಅದನ್ನು ಹೊರಗಿಡಬೇಕು. ಈ ಮಾತಿನಲ್ಲಿ ನನಗೆ ರಾಜಿಯಿಲ್ಲ.

ಒಂದೇ ಜಾಗಕ್ಕೆ ವರ್ಷ ವರ್ಷ ಮರಳುವವರ ಚಿತ್ರಗಳು ಸಾಕ್ಷಿಯೂ ಆಗುತ್ತವೆ. 2013ರಲ್ಲಿ ನಕ್ಷತ್ರಮೀನುಗಳಿಗೆ ಕರಗುವ ರೋಗ ತಗುಲಿತು. ಮುಳ್ಳುಮೈಯ ಅರ್ಚಿನ್‌ಗಳನ್ನು ತಿನ್ನುತ್ತಿದ್ದ ಸೂರ್ಯಕಾಂತಿ ನಕ್ಷತ್ರಮೀನು ಇಲ್ಲಿಂದ ಬಹುತೇಕ ಮರೆಯಾಯಿತು, ನೇರಳೆ ಅರ್ಚಿನ್‌ಗಳು ಹೆಚ್ಚಿ ಕೆಲ್ಪನ್ನು ಹಲವೆಡೆ ಬೋಳಿಸಿದವು. ಹಳೆಯ ಚಿತ್ರಗಳಲ್ಲಿ ಆ ನಕ್ಷತ್ರಮೀನು ಇನ್ನೂ ಇದೆ.

ಇಂಥ ಸ್ಪರ್ಧೆ ನಮ್ಮ ಕರಾವಳಿಗೂ ಬೇಕು. ಪುನೀತ್ ರಾಜ್‌ಕುಮಾರ್ ‘ಗಂಧದಗುಡಿ’ ಚಿತ್ರಕ್ಕಾಗಿ ಕಡಲಿಗಿಳಿದ ನೇತ್ರಾಣಿ ದ್ವೀಪವನ್ನು ಕನ್ನಡಿಗರು ಬಲ್ಲರು. ಮಳೆಗಾಲ ಕಳೆದು ನೀರು ತಿಳಿಯಾದ ಮೇಲೆ, ಮುರುಡೇಶ್ವರದ ಡೈವಿಂಗ್ ಶಾಲೆಗಳು ಒಟ್ಟುಗೂಡಿ ಅಲ್ಲೂ ಒಂದು ವಾರಾಂತ್ಯದ ಸ್ಪರ್ಧೆ ಇಡಲಿ. ಯಾವ ಜೀವಿಯನ್ನೂ ಮುಟ್ಟಕೂಡದು ಎಂಬುದು ಅದರ ಮೊದಲ ನಿಯಮವಾಗಲಿ.