ಕಿರುಚೀಲದ ಭರವಸೆ, ಹಾಸನದ ಎದೆನೋವು

2025ರ ಮೇ, ಜೂನ್‌ನಲ್ಲಿ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಕಡೆಯಿಂದ ಹೃದಯಾಘಾತವೆನ್ನಲಾದ ಹಠಾತ್ ಸಾವಿನ ಸುದ್ದಿ ಒಂದರ ಹಿಂದೊಂದು ಬಂದಾಗ ಮೈಸೂರಿನ ಜಯದೇವ ಆಸ್ಪತ್ರೆ ತಪಾಸಣೆಗೆ ಬಂದವರಿಂದ ತುಂಬಿಹೋಗಿತ್ತು. ರಕ್ತ ನೋಡಿ ಮೊದಲೇ ಹೇಳುವಂತಿದ್ದರೆ ಎಂಬ ಆ ಆಸೆಗೆ ಪ್ರಯೋಗಾಲಯಗಳು ಮುಂದಿಡುತ್ತಿರುವ ಉತ್ತರಗಳಲ್ಲೊಂದು, ಜೀವಕೋಶಗಳು ಹೊರಬಿಡುವ ಕಿರುಚೀಲಗಳು.

1967ರಲ್ಲಿ ಪೀಟರ್ ವುಲ್ಫ್ ಇವನ್ನು ಪ್ಲೇಟ್‌ಲೆಟ್‌ಗಳ ಧೂಳು ಎಂದು ಕರೆದಿದ್ದರು. 2007ರಲ್ಲಿ ಸ್ವೀಡನ್ನಿನ ತಂಡವೊಂದು ಈ ಚೀಲಗಳು ಆರ್‌ಎನ್‌ಎ ಎಂಬ ಸಂದೇಶದ ಅಣುಗಳನ್ನು ಹೊತ್ತೊಯ್ಯುತ್ತವೆಂದು ತೋರಿಸಿದ ಮೇಲೆ ಧೂಳು ಓಲೆಯಾಯಿತು. ನೊಂದ ಹೃದಯದ ಸ್ನಾಯು ಬರೆದ ಓಲೆ ತೋಳಿನ ರಕ್ತದಲ್ಲೇ ಸಿಗುವುದಾದರೆ ಯಾರಿಗೆ ಬೇಡ?

ಓದುವುದೇ ಕಷ್ಟ. ಎಕ್ಸೋಸೋಮ್ ಎಂಬ ಸಣ್ಣ ಚೀಲಗಳ ಗಾತ್ರ ಸುಮಾರು 30ರಿಂದ 150 ನ್ಯಾನೊಮೀಟರ್. ಕೊಲೆಸ್ಟ್ರಾಲ್ ಹೊರುವ ಲೈಪೋಪ್ರೋಟೀನ್ ಕಣಗಳೂ ಕೆಲವು ಅದೇ ಅಳತೆಯವು, ಎಣಿಕೆಯಲ್ಲಿ ಎಷ್ಟೋ ಪಟ್ಟು ಹೆಚ್ಚು. ಚೀಲಗಳಲ್ಲೂ ಬಹುಪಾಲು ರಕ್ತಕಣಗಳದ್ದೇ. ಹೃದಯದ್ದು ಜಾತ್ರೆಯಲ್ಲಿ ತಪ್ಪಿಸಿಕೊಂಡ ಮಗು. ರಕ್ತ ತೆಗೆದ ನಳಿಕೆಯನ್ನು ಜೋರಾಗಿ ಕುಲುಕಿದರೆ ಪ್ಲೇಟ್‌ಲೆಟ್‌ಗಳು ಅಲ್ಲೇ ಹೊಸ ಚೀಲ ಉದುರಿಸುತ್ತವೆ. ಬೇರ್ಪಡಿಸಲು ಗುರುತ್ವದ ಲಕ್ಷಪಟ್ಟು ಬಲದಲ್ಲಿ ಗಿರಗಿರನೆ ತಿರುಗಿಸುವ ಯಂತ್ರ ಒಂದು ದಾರಿ. ದಾರಿ ಬದಲಾದರೆ ಫಲಿತಾಂಶವೂ ಬದಲು. ಈ ಕ್ಷೇತ್ರದ ಅಂತರರಾಷ್ಟ್ರೀಯ ಸಂಘ 2014ರಲ್ಲಿ ಮಾಡಿದ ನಿಯಮಗಳನ್ನು 2018, 2023ರಲ್ಲಿ ತಿದ್ದಿದೆ. ಆ ಪ್ರಾಮಾಣಿಕತೆ ನನಗೆ ಮೆಚ್ಚುಗೆ. ಆದರೆ ತಕ್ಕಡಿಯನ್ನೇ ಇನ್ನೂ ಸರಿಪಡಿಸುತ್ತಿರುವಾಗ ಸರಕಿಗೆ ಬೆಲೆ ಕಟ್ಟುವುದು ಹೇಗೆ?

ಹೃದಯಾಘಾತವಾದ ಮೇಲೆ ಹೇಳಲು ಟ್ರೊಪೊನಿನ್ ಪರೀಕ್ಷೆ ಇದ್ದೇ ಇದೆ, ಕೆಲವೇ ಗಂಟೆಗಳಲ್ಲಿ ಏರಿ ತೋರಿಸುತ್ತದೆ. ಕಿರುಚೀಲ ಗೆಲ್ಲಬೇಕಾದ್ದು ಆಘಾತಕ್ಕೆ ಮುಂಚೆ ಹೇಳುವುದರಲ್ಲಿ. ಅದಕ್ಕೆ ಸಾವಿರಾರು ಜನರನ್ನು ವರ್ಷಗಟ್ಟಲೆ ಹಿಂಬಾಲಿಸಬೇಕು. ಸತ್ತವರು ಯಾವುದರಿಂದ ಸತ್ತರೆಂದು ಖಚಿತವಾಗಿ ಬರೆದಿಡಬೇಕು.

ಹಾಸನದಲ್ಲಿ ಎಡವಿದ್ದು ಇಲ್ಲೇ. ಆ ಸಾವುಗಳ ತನಿಖೆಗೆ ಸರ್ಕಾರ ನೇಮಿಸಿದ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದ ಸಮಿತಿ ಪರಿಶೀಲಿಸಿದ 24 ಸಾವುಗಳಲ್ಲಿ ನಾಲ್ಕು ಹೃದಯದವೇ ಅಲ್ಲ. ಒಂದು ರಸ್ತೆ ಅಪಘಾತ. ಉಳಿದ 20ರಲ್ಲಿ ದಾಖಲೆಯಿಂದ ಖಚಿತವಾದದ್ದು ಹತ್ತು, ಮಿಕ್ಕ ಹತ್ತು 'ಇರಬಹುದು'. ಮರಣೋತ್ತರ ಪರೀಕ್ಷೆಯಿಲ್ಲ, ಇಸಿಜಿಯಿಲ್ಲ ಎಂದಾದರೆ ಎಂಥ ಹೊಸ ಗುರುತನ್ನೂ ತಾಳೆ ನೋಡಲು ಏನೂ ಉಳಿಯದು. ಹಠಾತ್ ಸಾವುಗಳಿಗೆ ಮರಣೋತ್ತರ ಪರೀಕ್ಷೆ ಕಡ್ಡಾಯವೆಂದು ಸರ್ಕಾರ ಆಮೇಲೆ ಹೇಳಿತು. ಕಿರುಚೀಲದ ಸಂಶೋಧನೆಗೂ ಅದೇ ಮೊದಲ ಮೆಟ್ಟಿಲು.

ಅಲ್ಲಿಯತನಕ ಎಕ್ಸೋಸೋಮ್ ಹೆಸರಿನ ಹೃದಯ ಪರೀಕ್ಷೆಯನ್ನು ಯಾರಾದರೂ ಮಾರಲು ಬಂದರೆ ದುಡ್ಡು ಜೇಬಿನಲ್ಲೇ ಇರಲಿ. ಎದೆ ಹಿಡಿದುಕೊಂಡರೆ ಹತ್ತಿರದ ಆಸ್ಪತ್ರೆಗೆ ಓಡಿ. ಪುನೀತ್ ರಾಜ್‌ಕುಮಾರ್ ಹೃದಯಜ್ಯೋತಿ ಯೋಜನೆಯಿರುವ ತಾಲೂಕು ಆಸ್ಪತ್ರೆಗಳಲ್ಲಿ ಇಸಿಜಿಗೆ ದುಡ್ಡು ಕೊಡಬೇಕಿಲ್ಲ.